ಒಂದೇ ಪಾತ್ರದ ನಟ: ರೇ ಮಾರ್

ಹೆಗ್ಗೋಡಿನಲ್ಲಿ ರಂಗಶಿಕ್ಷಣ ಮುಗಿಸಿದವರು, ಶಿವಮೊಗ್ಗದ ಹವ್ಯಾಸಿ ತಂಡಗಳಲ್ಲಿ ಬಣ್ಣ ಹಚ್ಚಿದವರು ಬೆಂಗಳೂರಿನ ಧಾರಾವಾಹಿಗಳಿಗೆ ಹೋಗುವುದು ಹೊಸತಲ್ಲ. ಅವರ ಬೆನ್ನ ಹಿಂದೆ ನಮ್ಮ ರಂಗದವರು ಆಡಿಕೊಳ್ಳುವುದೂ ಹೊಸತಲ್ಲ: ‘ಸೀರಿಯಲ್ಲಿಗೆ ಹೋದ, ಇನ್ನು ನಟನೆ ಮುಗೀತು.’ ಹಾಗೆನ್ನುವವರು ಆಸ್ಟ್ರೇಲಿಯಾದ ರೇ ಮಾರ್ ಅವರ ಕೆಲಸವನ್ನು ಒಮ್ಮೆ ನೋಡಬೇಕು. (ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ‘ಮೀಗರ್’ ಎಂದು ಓದುವವರು ಬಹಳ ಮಂದಿ; ಕರೆಯುವುದು ಮಾರ್ ಎಂದೇ.) 1988ರಲ್ಲಿ ಶುರುವಾದ ‘ಹೋಮ್ ಅಂಡ್ ಅವೇ’ಯ ಮೊದಲ ಕಂತಿನಿಂದಲೂ ಅವರು ಆಲ್ಫ್ ಸ್ಟೂವರ್ಟ್. ಆಸ್ಟ್ರೇಲಿಯಾದ ಧಾರಾವಾಹಿಯೊಂದರಲ್ಲಿ ಇಷ್ಟು ದೀರ್ಘಕಾಲ ದುಡಿದ ನಟ ಬೇರೊಬ್ಬರಿಲ್ಲ ಎಂದು ಗಿನ್ನೆಸ್ ದಾಖಲೆಯೇ ಇದೆ.

ಹುಟ್ಟಿದ್ದು 4 ಜುಲೈ 1944, ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ರೋಮಾದಲ್ಲಿ. ದನದ ಸಂತೆಗೆ ಹೆಸರಾದ ಊರು ಅದು. ಆಲ್ಫ್‌ನ ಒರಟು ಮಾತು, ಹಳ್ಳಿಗಾಡಿನ ಹಳೇ ಬೈಗುಳ ಬೇರೆಯವರ ಬಾಯಲ್ಲಾದರೆ ಅಣಕದಂತೆ ಕೇಳೀತು. ಇವರ ಬಾಯಲ್ಲಿ ಕೃತಕ ಎನಿಸುವುದಿಲ್ಲ. ಈ ಪಾತ್ರ ತೆರೆಗೆ ಬಂದಾಗ ವಯಸ್ಸು ಆಗಲೇ 43. ಅದಕ್ಕೂ ಮೊದಲು 1980ರ ‘ಬ್ರೇಕರ್ ಮೊರಾಂಟ್’ ಚಿತ್ರದಲ್ಲಿ ಸಾರ್ಜೆಂಟ್ ಮೇಜರ್ ವೇಷ, ಟೀವಿಯಲ್ಲಿ ಸಾಲುಸಾಲು ಕೇಡಿಗರು. ಹೆಂಗಸರ ಜೈಲಿನ ಕಥೆಯಾದ ‘ಪ್ರಿಸನರ್’ ಧಾರಾವಾಹಿಯೊಂದರಲ್ಲೇ ಬೇರೆಬೇರೆ ಕಾಲಕ್ಕೆ ಮೂರು ಬೇರೆಬೇರೆ ಪಾತ್ರ ಮಾಡಿದ್ದಾರೆ. ತಿರುಗಾಟದ ನಟರಿಗೆ ಇದೇನೂ ದೊಡ್ಡ ವಿಷಯವಲ್ಲ: ಇವತ್ತು ರಾಜ, ನಾಳೆ ಮೇಳದ ಕೊನೆಯವ. ಆದರೆ ಕ್ಯಾಮೆರಾ ಮುಖವನ್ನು ನೆನಪಿಟ್ಟುಕೊಳ್ಳುತ್ತದೆ. ಒಂದೇ ಸೀರಿಯಲ್ಲಿನಲ್ಲಿ ಮೂರು ಸಲ ಬಂದೂ ನೋಡುಗರು ಒಪ್ಪಿದರೆಂದರೆ ಮೈಕಟ್ಟು, ನಡಿಗೆ, ದನಿ ಮೂರನ್ನೂ ಬದಲಿಸುವ ಪಳಗಿದ ಕೈ ಬೇಕು.

‘ಹೋಮ್ ಅಂಡ್ ಅವೇ’ ಹೇಗೆ ತಯಾರಾಗುತ್ತದೆಂದು ತಿಳಿಯದೆ ಈ ನಟನ ಕೆಲಸದ ಅಳತೆ ಸಿಗುವುದಿಲ್ಲ. ಜಾಹೀರಾತು ಕಳೆದರೆ ಒಂದು ಕಂತು ಸುಮಾರು 22 ನಿಮಿಷ. ವಾರಕ್ಕೆ ಐದು ಕಂತಿನ ಲೆಕ್ಕ ಹಿಡಿದರೆ 110 ನಿಮಿಷ, ಅಂದರೆ ವಾರಕ್ಕೊಂದು ಸಿನಿಮಾ. ಐದೂ ಕಂತುಗಳನ್ನು ಒಂದು ಗುಂಪು ಮಾಡಿ, ಸ್ಟುಡಿಯೋದ ಒಳದೃಶ್ಯಗಳನ್ನೆಲ್ಲ ಒಂದು ಕಡೆ, ಸಿಡ್ನಿಯ ಉತ್ತರದ ಪಾಮ್ ಬೀಚಿನ ಹೊರದೃಶ್ಯಗಳನ್ನೆಲ್ಲ ಇನ್ನೊಂದು ಕಡೆ ಮುಗಿಸುತ್ತಾರೆ. ಹೀಗಾಗಿ ಬೆಳಿಗ್ಗೆ ಐದನೇ ಕಂತಿನ ಜಗಳ, ಮಧ್ಯಾಹ್ನ ಎರಡನೇ ಕಂತಿನಲ್ಲಿ ಅದೇ ಮನುಷ್ಯನ ಜೊತೆ ನಗುವಿನ ಮಾತು. ಹೊಸಬರು ಎಡವುವುದು ಇಲ್ಲೇ. ಸಿಟ್ಟು ಯಾವ ಮಟ್ಟಕ್ಕೆ ಏರಿತ್ತು, ಉಸಿರು ಎಷ್ಟಿತ್ತು ಎಂಬುದನ್ನು ಕಂಟಿನ್ಯುಟಿಯವರು, ಅಂದರೆ ದೃಶ್ಯದಿಂದ ದೃಶ್ಯಕ್ಕೆ ಹೊಂದಿಕೆ ನೋಡಿಕೊಳ್ಳುವವರು, ಬರೆದುಕೊಂಡಿರುವುದಿಲ್ಲ. ಅವರ ಪಟ್ಟಿಯಲ್ಲಿರುವುದು ಅಂಗಿಯ ಗುಂಡಿ, ಲೋಟದ ನೀರು. ಭಾವದ ಕಂಟಿನ್ಯುಟಿ ನಟನದೇ ಜವಾಬ್ದಾರಿ. ಸ್ಕ್ರಿಪ್ಟಿನ ಪ್ರತಿ ದೃಶ್ಯದ ನೆತ್ತಿಯ ಮೇಲೆ ‘ಇದರ ಹಿಂದಿನ ದೃಶ್ಯ ಯಾವುದು, ಅಲ್ಲಿಂದ ಏನು ಹೊತ್ತು ಬಂದೆ’ ಎಂದು ಎರಡು ಸಾಲು ಗೀಚಿಕೊಂಡರೆ ಅರ್ಧ ಗಂಡಾಂತರ ತಪ್ಪುತ್ತದೆ. ನಮ್ಮ ಸೆಟ್ಟುಗಳಲ್ಲಿ ಪಕ್ಕದಲ್ಲಿ ನಿಂತು ಮಾತು ಹೇಳಿಕೊಡುವ ಪ್ರಾಂಪ್ಟರ್ ಇರುತ್ತಾರಲ್ಲ, ಆ ಅಭ್ಯಾಸ ಬಿದ್ದವರಿಗಂತೂ ಇದು ಇನ್ನೂ ಕಷ್ಟ. ಕಿವಿ ಮುಂದಿನ ಸಾಲಿಗೆ ಕಾಯುತ್ತಿರುತ್ತದೆ, ಕಣ್ಣು ಎದುರಿನವರನ್ನು ಬಿಟ್ಟಿರುತ್ತದೆ.

ಚಿತ್ರೀಕರಣ ಪ್ರಸಾರಕ್ಕಿಂತ ತಿಂಗಳುಗಟ್ಟಲೆ ಮುಂದೆ ಓಡುತ್ತದೆ. ಕಥೆಯ ಊರಿನ ಹೆಸರೇ ಸಮ್ಮರ್ ಬೇ. ಅಲ್ಲಿ ಎಂದೂ ಬೇಸಿಗೆ. ಸಿಡ್ನಿಯಲ್ಲಿ ಜೂನ್‌ನಿಂದ ಆಗಸ್ಟ್ ಚಳಿಗಾಲವಾದರೂ ನಟರು ಈಜುಡುಗೆಯಲ್ಲಿ ಸಮುದ್ರಕ್ಕಿಳಿದು ನಡುಕ ಕಾಣದಂತೆ ಮಾತಾಡಬೇಕು. ಅದೇ ಮೂರು ತಿಂಗಳು ನಮ್ಮಲ್ಲಿ ಆಗುಂಬೆ, ತೀರ್ಥಹಳ್ಳಿ ಕಡೆ ಹೊರಾಂಗಣ ಚಿತ್ರೀಕರಣ ಮಾಡಿಸಿದವರಿಗೆ ಸಂಕಟ ಗೊತ್ತು: ಹಂಚಿನ ಮೇಲಿನ ಮಳೆಯ ಸದ್ದಿಗೆ ಮಾತು ಮುಳುಗುತ್ತದೆ, ಬೆಳಕು ಹತ್ತು ನಿಮಿಷಕ್ಕೊಂದು ಬಣ್ಣ, ಕಾಲಿಗೆ ಇಂಬಳ. ಅಲ್ಲಿ ಮಳೆಯ ಬದಲು ಕಡಲ ಗಾಳಿ ಮೈಕಿನ ಶತ್ರು. ಇಷ್ಟು ಮುಂಗಡವಾಗಿ ಕಂತು ಕೂಡಿಟ್ಟರೆ ಒಂದು ಲಾಭವೂ ಉಂಟು. ನಟ ಕಾಯಿಲೆ ಬಿದ್ದರೆ ಕಥೆಗಾರರಿಗೆ ಸಮಯ ಸಿಗುತ್ತದೆ. 2020ರಲ್ಲಿ ಮಾರ್ ಅವರಿಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು, ಆಲ್ಫ್ ಉಳಿದುಕೊಂಡ. ಹೀಗೆ ಕಂತು ಕೂಡಿಡದೆ ಇವತ್ತು ಶೂಟ್, ನಾಳೆ ಪ್ರಸಾರ ಎಂಬ ಸ್ಥಿತಿಯಲ್ಲಿ ಆಗುವುದೇ ಬೇರೆ: ‘ಇನ್ನು ಮುಂದೆ ಈ ಪಾತ್ರದಲ್ಲಿ ಇವರು’ ಎಂಬ ಪಟ್ಟಿ.

ಪಾತ್ರಧಾರಿ ಬದಲಾಗುವುದು ಅಲ್ಲೂ ಇದೆ, ಅದನ್ನು ನಿಭಾಯಿಸುವ ಹೊರೆ ಉಳಿದವರ ಮೇಲೆ ಬೀಳುತ್ತದೆ. ಆಲ್ಫ್‌ನ ಮಗಳು ರೂ ಆಗಿ ಮೊದಲು ಇದ್ದವರು ಜಸ್ಟೀನ್ ಕ್ಲಾರ್ಕ್. ಎರಡು ದಶಕ ಕಳೆದು 2010ರಲ್ಲಿ ಅದೇ ರೂ ಆಗಿ ಬಂದವರು ಜಾರ್ಜಿ ಪಾರ್ಕರ್. ಮುಖ ಬೇರೆ, ದನಿ ಬೇರೆ. ಇವಳೇ ಆ ಮಗಳು ಎಂದು ನೋಡುಗರು ನಂಬುವುದು ಹೊಸ ನಟಿಯಿಂದಷ್ಟೇ ಅಲ್ಲ, ಎದುರು ನಿಂತ ಅಪ್ಪ ಆಕೆಯನ್ನು ಹೇಗೆ ನೋಡುತ್ತಾನೆ ಎಂಬುದರಿಂದ. ಹೆಂಡತಿ ಐಲ್ಸಾ ಆಗಿದ್ದ ಜೂಡಿ ನನ್ 2000ದಲ್ಲಿ ಹೊರಟು ಪೂರ್ಣಾವಧಿ ಕಾದಂಬರಿಕಾರ್ತಿಯಾದರು. ನವೋಮಿ ವಾಟ್ಸ್, ಹೀತ್ ಲೆಜರ್, ಕ್ರಿಸ್ ಹೆಮ್ಸ್‌ವರ್ತ್ ಇದೇ ಊರಿಗೆ ಬಂದು ಹಾಲಿವುಡ್ಡಿಗೆ ದಾಟಿದರು. ಅವರ ಹೆಸರು ಎಲ್ಲರಿಗೂ ಗೊತ್ತು. ಬಂದವರೆಲ್ಲರಿಗೂ ಎದುರಾಡಿ ದೃಶ್ಯ ನಿಲ್ಲಿಸಿಕೊಟ್ಟ ಈ ಹಿರಿಯನ ಕೆಲಸ ನನ್ನ ಮಟ್ಟಿಗೆ ಹೆಚ್ಚು ಕಷ್ಟದ್ದು. 2010ರಲ್ಲಿ ಜನರ ಮತದಿಂದ ಆಸ್ಟ್ರೇಲಿಯಾದ ಟೀವಿಯ ದೊಡ್ಡ ಪ್ರಶಸ್ತಿಯಾದ ಗೋಲ್ಡ್ ಲೋಗಿ ಬಂದಾಗ ಅವರಿಗೆ 65. ಆಲ್ಫ್ ಆಗಿ 22 ವರ್ಷ ಕಳೆದಿತ್ತು.

ಇಷ್ಟಾದರೂ ಅವರು ರಂಗ ಬಿಟ್ಟವರಲ್ಲ. ಬ್ರಿಟನ್ನಿನ ಕ್ರಿಸ್‌ಮಸ್ ಕಾಲದ ಪ್ಯಾಂಟೊಮೈಮ್‌ಗಳಲ್ಲಿ (ಮೂಕಾಭಿನಯವಲ್ಲ, ಹಾಡು-ಹಾಸ್ಯದ ನಾಟಕ), ಲಂಡನ್ನಿನ ವೆಸ್ಟ್ ಎಂಡಿನ ಸಂಗೀತ ನಾಟಕದಲ್ಲಿ ನಟಿಸಿದ್ದಾರೆ. ಅಲ್ಲಿ ವರ್ಷದ ಕೊನೆಗೆ ಧಾರಾವಾಹಿಗೇ ರಜೆ ಇರುವುದರಿಂದ ನಟರಿಗೆ ಇಂಥದಕ್ಕೆ ದಾರಿಯಿದೆ. ನಮ್ಮ ದೈನಿಕ ಧಾರಾವಾಹಿಗಳಲ್ಲಿ ಅಂಥ ರಜೆಯಿಲ್ಲ. ಊರಿನ ನಾಟಕಕ್ಕೆ ಬರುವ ಆಸೆಯುಳ್ಳವರು ಕರಾರಿಗೆ ಸಹಿ ಹಾಕುವ ಮೊದಲೇ ಮೂರು ವಿಷಯ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು: ತಿಂಗಳಿಗೆ ಎಷ್ಟು ದಿನದ ಕಾಲ್‌ಶೀಟ್, ಎಷ್ಟು ದಿನ ಮೊದಲು ದಿನಾಂಕ ತಿಳಿಸುತ್ತಾರೆ, ಬೇರೆ ರಂಗಪ್ರದರ್ಶನಕ್ಕೆ ಅಡ್ಡಿ ಇದೆಯೋ ಇಲ್ಲವೋ. ಬಾಯಿಮಾತಿನ ‘ಅಡ್ಜಸ್ಟ್ ಮಾಡೋಣ ಬಿಡಿ’ ನಂಬಿ ಕುವೆಂಪು ರಂಗಮಂದಿರದಲ್ಲಿ ಪ್ರದರ್ಶನದ ದಿನ ಗೊತ್ತು ಮಾಡಬೇಡಿ.