ಅಲೇಸಿಯಾದ ಬೆಂಚಿನ ಮೇಲೆ ಲ್ಯಾಟಿನ್ ಪಾಠ

ಫ್ರಾನ್ಸಿನ ಅಲೇಸಿಯಾಕ್ಕೆ ಹೋಗುವವರು ಟ್ಯಾಕ್ಸಿಯನ್ನು ನಂಬಿ ಕೂರಬೇಡಿ. ದಿಜೋನ್‌ನಿಂದ ರೈಲಲ್ಲಿ ಹೋಗಿ ಲೆ ಲೋಮ್ ಸ್ಟೇಷನ್ನಿನಲ್ಲಿ ಇಳಿದೆ. ಬರ್ತೀನಿ ಅಂದವನು ಒಂದು ಗಂಟೆಯಾದರೂ ಬರಲಿಲ್ಲ. ಬಿಸಿಲಲ್ಲೇ ನಡೆದೆ.

ಮ್ಯೂಸಿಯಂ ಚೆನ್ನಾಗಿದೆ. ಹೊರಗೆ ಬಯಲಲ್ಲಿ ರೋಮನ್ನರ ಬೇಲಿಯ ಒಂದು ತುಂಡನ್ನು ಮತ್ತೆ ಕಟ್ಟಿದ್ದಾರೆ. ಮಣ್ಣಿನ ದಿಬ್ಬ, ಕಂದಕ, ಮರದ ಗೋಪುರ. ಕ್ರಿ.ಪೂ. 52ರಲ್ಲಿ ಜೂಲಿಯಸ್ ಸೀಸರ್ ಈ ಗುಡ್ಡಕ್ಕೆ ಇಂಥದ್ದನ್ನೇ ಎರಡು ಸುತ್ತು ಹಾಕಿಸಿದ. ಒಳಗಿನದು 11 ರೋಮನ್ ಮೈಲಿ, ಗುಡ್ಡದ ಮೇಲಿನ ಗಾಲ್ ಜನ, ಅಂದರೆ ಆಗಿನ ಫ್ರಾನ್ಸಿನವರು, ತಪ್ಪಿಸಿಕೊಳ್ಳದಂತೆ. ಹೊರಗಿನದು 14, ಅವರನ್ನು ಬಿಡಿಸಲು ಬರುವವರಿಗೆ.

ಗುಡ್ಡದ ಮೇಲೆ ಗಾಲ್ ನಾಯಕ ವೆರ್ಸಿಂಜೆಟೋರಿಕ್ಸ್‌ನ ತಾಮ್ರದ ಪ್ರತಿಮೆ. ಮೂರನೇ ನೆಪೋಲಿಯನ್ 1865ರಲ್ಲಿ ನಿಲ್ಲಿಸಿದ್ದು. ಮೀಸೆ ಸ್ವಲ್ಪ ಜಾಸ್ತಿಯೇ ಆಯಿತು, ನನಗೆ ಹಿಡಿಸಲಿಲ್ಲ.

ಪಕ್ಕದ ಬೆಂಚಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಕೈಯಲ್ಲಿ ಸೀಸರ್ ಬರೆದ ಗಾಲ್ ಯುದ್ಧದ ಪುಸ್ತಕ. "ಇವನು ಶರಣಾಗುವ ಸಾಲು ಕೇಳ್ತೀರಾ?" ಅಂದರು.

"ವೆರ್ಸಿಂಜೆಟೋರಿಕ್ಸ್ ದೆದಿತುರ್, ಆರ್ಮಾ ಪ್ರೋಯಿಕಿಯುಂತುರ್."

"ಇಷ್ಟೇನಾ?"

"ಇಷ್ಟೇ. ಅವನನ್ನು ಒಪ್ಪಿಸಿದರು ಅಂತಲ್ಲ, ಒಪ್ಪಿಸುತ್ತಾರೆ. ಆಯುಧ ಎಸೆಯುತ್ತಾರೆ. ಆಗಿಹೋದದ್ದನ್ನು ಈಗ ಆಗ್ತಾ ಇದೆ ಅನ್ನುವಂತೆ ಬರೀತಾನೆ."

ನನಗೆ ನಮ್ಮಜ್ಜಿ ನೆನಪಾದರು. "ಆಗ ಭೀಮ ಏಳ್ತಾನೆ, ಗದೆ ತಗೋತಾನೆ" ಅಂತಲೇ ಕಥೆ ಹೇಳೋರು. ಅದನ್ನು ಹೇಳಿದೆ. ಅವರಿಗೆ ಖುಷಿಯಾಯಿತು. ಆದರೆ ಒಪ್ಪಲಿಲ್ಲ.

"ನಿಮ್ಮಜ್ಜಿ ಭೀಮನನ್ನು ನೋಡಿರಲಿಲ್ಲ. ಸೀಸರ್ ಇಲ್ಲೇ ಇದ್ದ. ಆದರೂ 'ನಾನು' ಅನ್ನಲ್ಲ, 'ಸೀಸರ್' ಅಂತಾನೆ."

ಹಳೆಯ ಕಾಲವೂ ಅವನಿಗೆ ಬೇಕಾದಾಗಲೇ ನೆನಪಾಗುತ್ತದಂತೆ. ಕ್ರಿ.ಪೂ. 58ರಲ್ಲಿ ಈಗಿನ ಸ್ವಿಟ್ಜರ್ಲೆಂಡ್ ಕಡೆಯ ಹೆಲ್ವೇತಿಯರು ಎಂಬ ಜನ ರೋಮನ್ನರ ನಾಡಿನ ಮೂಲಕ ಹಾದುಹೋಗಲು ದಾರಿ ಕೇಳಿದರು. ಸೀಸರ್‌ಗೆ ಕ್ರಿ.ಪೂ. 107 ನೆನಪಾಯಿತು. ಅವರು ರೋಮಿನ ಕಾನ್ಸಲ್ (ಅತಿ ದೊಡ್ಡ ಅಧಿಕಾರಿ) ಕ್ಯಾಸಿಯಸ್‌ನನ್ನು ಕೊಂದು, ಸೋತ ರೋಮನ್ ಸೈನಿಕರನ್ನು ಅವಮಾನಿಸಲು ನೊಗದ ಕೆಳಗೆ ನುಸುಳಿಸಿದ್ದ ವರ್ಷ. ಆಗ ಸೀಸರ್ ಹುಟ್ಟೇ ಇರಲಿಲ್ಲ! ಅಲ್ಲಿ ಸತ್ತವರಲ್ಲಿ ತನ್ನ ಮಾವನ ಅಜ್ಜನೂ ಇದ್ದ ಎಂದು ಆಮೇಲೆ ಸೇರಿಸುತ್ತಾನೆ.

ಅವರು ಪುಟ ತಿರುವಿದರು. ಊಟ ಸಾಲದೆ ಗಾಲ್ ಸೈನಿಕರು ಈ ಊರಿನವರನ್ನೇ, ಹೆಂಡತಿ ಮಕ್ಕಳ ಸಮೇತ, ಹೊರಗೆ ಕಳಿಸಿದ ಜಾಗ. ಅವರು ರೋಮನ್ನರ ಬೇಲಿಯ ಹತ್ತಿರ ಬಂದರು. ಗುಲಾಮರಾಗುತ್ತೇವೆ, ಊಟ ಕೊಡಿ ಅಂದರು.

"ಇಲ್ಲಿ ನೋಡಿ, ಕಾಲ ಬದಲಾಯಿತು. ಬೇಡಿದರು ಅಂತಿಲ್ಲ, ಬೇಡುತ್ತಿದ್ದರು. ಸೀಸರ್ ಒಳಗೆ ಬಿಡದಂತೆ ತಡೆಯುತ್ತಿದ್ದ."

"ಆಮೇಲೆ?"

"ಆಮೇಲೆ ಹೊರಗಿನ ಸೈನ್ಯ ಬರುತ್ತೆ, ಬೇರೆ ಕಥೆ. ಇವರ ಮಾತು ಮತ್ತೆ ಎತ್ತೋದೇ ಇಲ್ಲ."

ನಾವಿಬ್ಬರೂ ಕೆಳಗಿನ ಬಯಲು ನೋಡಿದೆವು. ಎರಡು ಬೇಲಿಯ ನಡುವೆ ಅಲ್ಲ, ಒಳಬೇಲಿಗೂ ಗುಡ್ಡಕ್ಕೂ ನಡುವೆ ಅವರು ಸಿಕ್ಕಿಕೊಂಡಿದ್ದರು ಎಂದು ಬೆರಳು ಮಾಡಿ ತೋರಿಸಿದರು. ಈಗ ಅಲ್ಲಿ ಹುಲ್ಲು, ಒಂದೆರಡು ಹಸು.

ಸ್ಟೇಷನ್ನಿಗೆ ಅವರೇ ಕಾರಲ್ಲಿ ಬಿಟ್ಟರು. ಟ್ಯಾಕ್ಸಿಯ ವಿಷಯ ಹೇಳಿದಾಗ ಜೋರಾಗಿ ನಕ್ಕರು.