ಲಾಭ, ಎರಡು, ಮೂರು

ನಮ್ಮ ಆಯಿ ಏನನ್ನೇ ಎಣಿಸಲಿ, ಒಂದರಿಂದ ಶುರು ಮಾಡುವುದಿಲ್ಲ. ತೆಂಗಿನಕಾಯಿ ಇರಲಿ, ಅಕ್ಕಿಯ ಸೇರು ಇರಲಿ, ಮೊದಲನೆಯದು ಯಾವಾಗಲೂ ‘ಲಾಭ’. ಅವಳ ಆಯಿಯೂ ಹಾಗೇ ಎಣಿಸುತ್ತಿದ್ದಳಂತೆ. ಹಾಗಾಗಿ ಕುಮಟಾದ ಆ ವಯಸ್ಸಾದ ಡಾಕ್ಟರು "ಉಸಿರು ಪೂರ್ತಿ ಎಳ್ಕೊಳ್ಳಿ, ಮಧ್ಯೆ ಎಲ್ಲೂ ಉಸಿರು ತಗೊಳ್ದೆ ಜೋರಾಗಿ ಎಣಿಸ್ತಾ ಹೋಗಿ" ಅಂದಾಗಲೂ ಅವಳು ಶುರು ಮಾಡಿದ್ದು "ಲಾಭ, ಎರಡು, ಮೂರು" ಅಂತಲೇ. ಡಾಕ್ಟರು ನಕ್ಕರು. 27ಕ್ಕೆ ಬಂದಾಗ ಆಯಿಯ ಉಸಿರು ಮುಗಿಯಿತು. ಡಾಕ್ಟರು ಗಡಿಯಾರ ನೋಡಿ, ಚೀಟಿಯ ಹಿಂದೆ ‘27’ ಅಂತ ಬರೆದು, ಪಕ್ಕದಲ್ಲಿ ಹೊತ್ತು ಬರೆದು ನನ್ನ ಕೈಗೆ ಕೊಟ್ಟರು. ಬೆಳಿಗ್ಗೆ ಹತ್ತೂವರೆ.

ಅದು 2024ರ ಜುಲೈ 24, ಬುಧವಾರ. ತಾರೀಕು ಯಾಕೆ ನೆನಪಿದೆ ಅಂದರೆ, 16ನೇ ತಾರೀಕು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತ್ತು, ನಮ್ಮ ಮನೆಯ ಟಿವಿಯಲ್ಲಿ ಎಂಟು ದಿನದಿಂದ ಗಂಗಾವಳಿ ನದಿ ಬಿಟ್ಟು ಬೇರೆ ಏನೂ ಇರಲಿಲ್ಲ.

ಎಲ್ಲ ಶುರುವಾಗಿದ್ದು ಭಾನುವಾರ. ಪಾದ ಎರಡೂ ಜುಮು ಜುಮು ಅಂತಿದೆ ಅಂದಳು. ಮಳೆಗಾಲದಲ್ಲಿ ಅಡುಗೆಮನೆ ನೆಲ ತಣ್ಣಗಿರುತ್ತದೆ, ಅದಕ್ಕೇ ಇರಬೇಕು ಅಂತ ನಾವು ಬಿಸಿ ಎಣ್ಣೆ ಹಚ್ಚಿದೆವು. ಸೋಮವಾರ ನಡೆಯುವಾಗ ಚಪ್ಪಲಿ ಕಾಲಿಂದ ಜಾರಿ ಜಾರಿ ಹೋಗುತ್ತಿತ್ತು, ಸೊಂಟದಲ್ಲಿ ವಿಪರೀತ ನೋವು ಬೇರೆ. ಪೇಟೆಯ ಒಂದು ಕ್ಲಿನಿಕ್ಕಿಗೆ ಹೋದೆವು. ಅಲ್ಲಿ ನಿಶ್ಶಕ್ತಿ ಅಂದರು, ಬಿ-12 ಇಂಜೆಕ್ಷನ್ ಕೊಟ್ಟು, ಒಂದು ಗ್ಲೂಕೋಸ್ ಬಾಟಲಿ ಏರಿಸಿ ಕಳಿಸಿದರು. ಆಯಿಗೆ 58 ವರ್ಷ, ಕೈಕಾಲು ಸೋತಿದೆ ಅಂದರೆ ಎಲ್ಲರೂ ಹಾಗೇ ಹೇಳುತ್ತಾರೇನೋ. ಆದರೂ ಒಂದು ಸಿಟ್ಟು ಇನ್ನೂ ಇದೆ. ಅಲ್ಲಿ ಯಾರೂ ಅವಳ ಮೊಣಕಾಲಿಗೆ ಒಂದು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ನೋಡಲಿಲ್ಲ.

ಬುಧವಾರ ಬೆಳಿಗ್ಗೆ ಆಯಿ ಮೆಟ್ಟುಗತ್ತಿಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ನಾನು ಹೊರಗೆ ಹಲ್ಲುಜ್ಜುತ್ತಿದ್ದೆ. "ತಮಾ, ಏಳಲಾಗ್ತಿಲ್ಲೆ" ಅಂತ ಕರೆದಳು. ಗಾಬರಿಯಿಂದಲ್ಲ, ಉಪ್ಪಿನ ಡಬ್ಬಿ ಸಿಗ್ತಿಲ್ಲ ಅನ್ನುವ ದನಿಯಲ್ಲಿ. ನಾನೂ ಭಾವನೂ ಕಂಕುಳಿಗೆ ಕೈ ಹಾಕಿ ಎತ್ತಿದರೆ ಕಾಲು ಎರಡೂ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿದ್ದವು.

ಕುಮಟಾದ ಆ ಡಾಕ್ಟರು ಸುತ್ತಿಗೆಯಲ್ಲಿ ಮೊಣಕಾಲಿಗೆ ತಟ್ಟಿದರು. ಕಾಲು ಹಾರಲಿಲ್ಲ. ಹಿಮ್ಮಡಿಯ ಮೇಲೆ ತಟ್ಟಿದರು. ಏನೂ ಇಲ್ಲ. "ಎರಡು ಮೂರು ವಾರದ ಹಿಂದೆ ಜ್ವರ, ಭೇದಿ ಏನಾದ್ರೂ ಆಗಿತ್ತಾ?" ಅಂತ ಕೇಳಿದರು. ಆಗಿತ್ತು. ತಿಂಗಳ ಮೊದಲ ವಾರದ ಮಳೆಗೆ ನಮ್ಮ ಬಾವಿಯ ನೀರು ಕೆಂಪಾಗಿತ್ತು, ಮನೆಯಲ್ಲಿ ಮೂವರಿಗೆ ಹೊಟ್ಟೆ ಕೆಟ್ಟಿತ್ತು, ನಾಲ್ಕು ದಿನಕ್ಕೆ ಎಲ್ಲರಿಗೂ ಸರಿಯಾಗಿತ್ತು, ಅದನ್ನು ನಾವು ಮರೆತೇ ಬಿಟ್ಟಿದ್ದೆವು. ಅದೇ ಕಾರಣ ಅಂತ ಡಾಕ್ಟರು ಹೇಳಲಿಲ್ಲ, ಆದರೆ ತಲೆ ಆಡಿಸಿದರು. ‘ಗಿಯಾನ್ ಬಾರೆ’ ಅಂತ ಒಂದು ಹೆಸರು ಹೇಳಿದರು. ಜಿಬಿಎಸ್ ಅಂತಲೂ ಅನ್ನುತ್ತಾರೆ. ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವ ಕಾಯಿಲೆ.

ಅವರು ವಿವರಿಸಿದ್ದು ಹೀಗೆ. ಕೆಲವು ರೋಗಾಣುಗಳ ಹೊರಮೈ ನಮ್ಮ ನರದ ಹೊರಮೈಯ ಹಾಗೇ ಇರುತ್ತದೆ. ರೋಗಾಣುವಿನ ವಿರುದ್ಧ ಮೈ ತಯಾರು ಮಾಡಿದ ಪ್ರತಿಕಾಯ, ಭೇದಿ ನಿಂತ ಮೇಲೂ ಸುಮ್ಮನಿರದೆ, ನರವನ್ನೇ ರೋಗಾಣು ಅಂದುಕೊಂಡು ಬೀಳುತ್ತದೆ. ನರದ ಮೇಲಿನ ಹೊದಿಕೆ ಹಾಳಾಗುತ್ತದೆ. ಮಿದುಳಿನ ಆಜ್ಞೆ ಹೊರಡುತ್ತದೆ, ಕಾಲಿಗೆ ಮುಟ್ಟುವುದಿಲ್ಲ. ಭಾವ ತಟ್ಟನೆ, "ಪಂಪಿನ ವೈರನ್ನ ಹೆಗ್ಗಣ ಕಚ್ಚಿದ ಹಾಗೆ" ಅಂದ. ಡಾಕ್ಟರು, "ಹೌದು, ಆದ್ರೆ ಇಲ್ಲಿ ಕಚ್ಚಿದ್ದು ಹೆಗ್ಗಣ ಹಿಡಿಯೋಕೆ ನೀವೇ ಸಾಕಿದ ನಾಯಿ" ಅಂದರು. ಆಮೇಲೆ ಎಷ್ಟೋ ಪುಟ ಓದಿದ್ದೇನೆ, ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ಕಾಣಲಿಲ್ಲ.

"ಕಾಲಿನ ಚಿಂತೆ ಈಗ ಬಿಡಿ" ಅಂದರು. "ಇದು ಕೆಳಗಿಂದ ಮೇಲೆ ಏರ್ತದೆ. ಉಸಿರಾಟದ ಸ್ನಾಯುವಿಗೆ ಬರೋ ಮೊದಲು ವೆಂಟಿಲೇಟರ್ ಇರೋ ಕಡೆ ನೀವಿರಬೇಕು. ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಎಣಿಸಿ, ಬರೀರಿ. ಇಪ್ಪತ್ತರ ಕೆಳಗೆ ಇಳೀತಾ ಬಂದ್ರೆ ಎಲ್ಲೂ ನಿಲ್ಲಿಸ್ಬೇಡಿ." ಆರೋಗ್ಯವಾಗಿರುವವರು ಒಂದೇ ಉಸಿರಿಗೆ ಸಲೀಸಾಗಿ ಮೂವತ್ತು, ನಲವತ್ತು ದಾಟುತ್ತಾರಂತೆ. ಆಯಿ ಆಗಲೇ 27ರಲ್ಲಿದ್ದಳು.

ಎಲ್ಲಿಗೆ ಹೋಗುವುದು? ಉತ್ತರ ಕನ್ನಡದವರಿಗೆ ಈ ಪ್ರಶ್ನೆ ಹೊಸದಲ್ಲ. ಗೋವಾ, ಹುಬ್ಬಳ್ಳಿ, ಮಣಿಪಾಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ವರ್ಷಗಟ್ಟಲೆ ಕೂಗಿದ್ದೇವೆ, ಗಂಟಲು ನೋವು ಬಂತು, ಆಸ್ಪತ್ರೆ ಬರಲಿಲ್ಲ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ, ಆದರೆ ಅದೂ ಗೋವಾದ ದಾರಿಯೂ ಕುಸಿದ ಗುಡ್ಡದ ಆಚೆ. ಅಂಕೋಲೆ ಮೇಲಿಂದ ಹುಬ್ಬಳ್ಳಿಗೆ ಹೋಗುವ ದಾರಿಯೂ ಅದೇ ಗುಡ್ಡದ ಆಚೆ. ದೇವಿಮನೆ ಘಟ್ಟವನ್ನು ಆ ಮಳೆಯಲ್ಲಿ ನಂಬುವ ಹಾಗಿರಲಿಲ್ಲ. ಉಳಿದಿದ್ದು ಮಣಿಪಾಲ, 130 ಕಿಲೋಮೀಟರಿಗೂ ಜಾಸ್ತಿ.

ಆಂಬುಲೆನ್ಸ್ ಸಿಕ್ಕಾಗ ಹನ್ನೊಂದು ಕಾಲು. ಡ್ರೈವರ್ ಜೊತೆ ಒಬ್ಬ ಹುಡುಗ ಇದ್ದ, ಬಂದವನೇ ಆಯಿಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ. 98. "ಭಟ್ರೇ, ಆಕ್ಸಿಜನ್ ತೊಂಬತ್ತೆಂಟು ಅದೆ, ಏನೂ ಹೆದರ್ಬೇಡಿ" ಅಂದ. ಕೋವಿಡ್ ಕಾಲದಿಂದ ನಮಗೆಲ್ಲ ಅದೊಂದು ಅಂಕಿಯ ಮೇಲೆ ದೇವರಷ್ಟೇ ಭಕ್ತಿ, ಅಲ್ವಾ? ನನಗೂ ಸಮಾಧಾನ ಆಯಿತು.

ಶರಾವತಿ ಸೇತುವೆ ದಾಟುವಾಗ ಎಣಿಸಿದಳು. 25. ಬೆರಳಲ್ಲಿ 98.

ಆಯಿಗೆ ವಾಹನದಲ್ಲಿ ಹಿಂದೆ ಮುಂದಾಗಿ ಮಲಗಿ ಹೋಗುವುದು ಆಗುವುದಿಲ್ಲ. ಹೊಟ್ಟೆ ತೊಳೆಸುತ್ತದೆ. ಮಂಕಿ ದಾಟುವವರೆಗೆ ಅವಳಿಗೆ ಅದೇ ದೊಡ್ಡ ಸಂಕಟ, ಕಾಲಿಗಿಂತ. ಲಿಂಬೆಹಣ್ಣು ಇದ್ದಿದ್ದರೆ ಮೂಸುತ್ತಿದ್ದೆ ಅಂದಳು. ನಾವು ಬ್ಯಾಂಕ್ ಪಾಸ್‌ಬುಕ್ ಸಮೇತ ಎಲ್ಲ ತಂದಿದ್ದೆವು, ಲಿಂಬೆಹಣ್ಣು ತಂದಿರಲಿಲ್ಲ.

ಭಟ್ಕಳದಲ್ಲಿ 22. ಬೆರಳಲ್ಲಿ 98.

ಭಟ್ಕಳ ದಾಟಿ ಸ್ವಲ್ಪ ಹೊತ್ತಿಗೆ ಆಯಿ ಕಿಟಕಿಯಿಂದ ಒಂದು ಬೋರ್ಡ್ ಓದಿದಳು. ಶಿರೂರು. ಮುಖ ಬಿಳುಚಿಕೊಂಡಿತು. "ಶಿರೂರಿಗೆ ಎಂತಕ್ಕೆ ಕರ್ಕಂಡು ಬಂದ್ಯೋ?" ಅಂದಳು. ಎಂಟು ದಿನ ಟಿವಿಯಲ್ಲಿ ನೋಡಿದ್ದು ಆ ಒಂದೇ ಹೆಸರು. ಇದು ಆ ಶಿರೂರಲ್ಲ, ಬೈಂದೂರಿನ ಹತ್ತಿರದ್ದು, ಉಡುಪಿ ಜಿಲ್ಲೆಗೆ ಬಂದ್ವಿ ಅಂತ ನಾನು ಹೇಳಿದೆ. ನಂಬಿದಳೋ ಇಲ್ಲವೋ ಗೊತ್ತಿಲ್ಲ. ಬಹಳ ಹೊತ್ತು ಗುಡ್ಡ ಇದೆಯಾ ಅಂತ ಹೊರಗೇ ನೋಡುತ್ತಿದ್ದಳು.

ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಎರಡೂ ಕೆಂಪು ನೀರು. ಅಲ್ಲಿ ಎಣಿಸಲು ಹೇಳಿದಾಗ ನನಗೆ ಏನೋ ಬೇರೆ ಕೇಳಿಸಿತು. "ಲಾವ, ಎರಡು..." ಅಂದಳು. ಎಂಟಾದ ಮೇಲೆ "ಒಂವತ್ತು". ತುಟಿ ಕೂಡುತ್ತಿರಲಿಲ್ಲ. ಭ, ಬ, ಪ ಇವೆಲ್ಲ ತುಟಿ ಮುಚ್ಚದೆ ಬರುವ ಅಕ್ಷರಗಳಲ್ಲವಲ್ಲ. ಕಣ್ಣು ಮುಚ್ಚು ಅಂದೆ, ರೆಪ್ಪೆಯ ನಡುವೆ ಒಂದು ಬಿಳಿ ಗೆರೆ ಉಳಿದೇ ಇತ್ತು. ಎಣಿಕೆ 19ಕ್ಕೆ ನಿಂತಿತು. ನೀರು ಕೇಳಿದಳು, ಒಂದು ಗುಟುಕು ಕೊಟ್ಟಿದ್ದೇ ಕೆಮ್ಮು ಬಂತು, ಮೂಗಿನಿಂದ ವಾಪಸ್ ಬಂತು. ಆಮೇಲೆ ಎಷ್ಟು ಕೇಳಿದರೂ ಕೊಡಲಿಲ್ಲ.

ಹುಡುಗ ಆಕ್ಸಿಮೀಟರ್ ತೋರಿಸಿದ. "ನೋಡಿ, ತೊಂಬತ್ತೇಳು. ಸರಿಯಾಗೇ ಅದೆ." ಅವನದ್ದೇನೂ ತಪ್ಪಿಲ್ಲ, ಯಂತ್ರದ್ದೂ ತಪ್ಪಿಲ್ಲ. ಮಣಿಪಾಲದಲ್ಲಿ ಆಮೇಲೆ ಗೊತ್ತಾಯಿತು, ಈ ಕಾಯಿಲೆಯಲ್ಲಿ ಶ್ವಾಸಕೋಶ ಚೆನ್ನಾಗೇ ಇರುತ್ತದೆ. ಸೋಲುವುದು ಅದನ್ನು ಎಳೆದು ಬಿಡುವ ಸ್ನಾಯು. ಅದು ತೀರಾ ಕೈಚೆಲ್ಲುವವರೆಗೂ ರಕ್ತದಲ್ಲಿ ಆಕ್ಸಿಜನ್ ಅಂಕಿ ಚೆಂದವಾಗೇ ಕಾಣುತ್ತದೆ, ಅದು ಬೀಳಲು ಶುರುವಾಗುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ಆಗ ಇದೆಲ್ಲ ನನಗೆ ಗೊತ್ತಿರಲಿಲ್ಲ. ಒಂದು ಕೈಯಲ್ಲಿ 97, ಇನ್ನೊಂದು ಕೈಯ ಚೀಟಿಯಲ್ಲಿ 19. ಡಾಕ್ಟರು ಬರೆದುಕೊಟ್ಟ ಚೀಟಿಯನ್ನೇ ನಂಬಿ, ಡ್ರೈವರಿಗೆ ಊಟಕ್ಕೂ ನಿಲ್ಲಿಸಬೇಡಿ ಅಂದೆ. ಕುಂದಾಪುರದಲ್ಲಿ ನಿಲ್ಲಿಸುವ ಅಂದುಕೊಂಡಿದ್ದನಂತೆ, ಪಾಪ.

ಬ್ರಹ್ಮಾವರದಲ್ಲಿ 16. ಆಸ್ಪತ್ರೆ ಬಾಗಿಲಲ್ಲಿ 14.

ಅಲ್ಲಿ ಚೀಟಿ ಕೊಟ್ಟೆ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮೇಲಿಂದ ಕೆಳಗೆ ಓದಿದರು, 27, 25, 22, 19, 16, 14, ಬೇರೆ ಏನೂ ಕೇಳದೆ ನೇರ ಐಸಿಯುಗೆ ಕಳಿಸಿದರು. ರಾತ್ರಿ ಎರಡು ಗಂಟೆಗೆ ಗಂಟಲಿಗೆ ಟ್ಯೂಬ್ ಹಾಕಿದರು. ಈ ಕಾಯಿಲೆಯವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದಂತೆ.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ, ಆ ದಿನಗಳು ನನಗೆ ಸರಿಯಾಗಿ ನೆನಪೂ ಇಲ್ಲ. ಬೆನ್ನಿನಿಂದ ನೀರು ತೆಗೆದು ನೋಡಿದರು. ಪ್ರೋಟೀನ್ ಜಾಸ್ತಿ, ಕಣಗಳು ಜಾಸ್ತಿ ಇಲ್ಲ. 1916ರಲ್ಲಿ ಗಿಯಾನ್, ಬಾರೆ, ಸ್ಟ್ರೋಲ್ ಅನ್ನುವ ಮೂವರು ಫ್ರೆಂಚ್ ಡಾಕ್ಟರುಗಳು ಯುದ್ಧದ ನಡುವೆ ಇಬ್ಬರು ಸೈನಿಕರಲ್ಲಿ ಕಂಡಿದ್ದೂ ಇದನ್ನೇ. ಸ್ಟ್ರೋಲ್ ಹೆಸರು ಮಾತ್ರ ಯಾಕೋ ಕಾಯಿಲೆಗೆ ಅಂಟಲಿಲ್ಲ. ಚಿಕಿತ್ಸೆಗೆ ಎರಡು ದಾರಿ: ರಕ್ತದ ಪ್ಲಾಸ್ಮಾ ತೆಗೆದು ಬದಲಿಸುವುದು, ಇಲ್ಲವೇ ಐವಿಐಜಿ. ಎರಡರ ಫಲವೂ ಒಂದೇ ಅಂದರು. ಐವಿಐಜಿ ಅಂದರೆ ಸಾವಿರಾರು ಜನ ಕೊಟ್ಟ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯ. ಕಿಲೋ ತೂಕಕ್ಕೆ ದಿನಕ್ಕೆ 0.4 ಗ್ರಾಂ, ಐದು ದಿನ. ಆಯಿ 50 ಕಿಲೋ, ಅಂದರೆ ದಿನಕ್ಕೆ 20 ಗ್ರಾಂ, ಐದು ಗ್ರಾಮಿನ ನಾಲ್ಕು ಬಾಟಲಿ. ಲಕ್ಷಗಳ ಮಾತು. ಅಕ್ಕನ ಬಳೆ, ಆಯಿಯ ಎರಡೆಳೆ ಸರ ಊರ ಸೊಸೈಟಿಯಲ್ಲಿ ಅಡವಿಗೆ ಹೋದವು.

ಪಕ್ಕದಲ್ಲಿ ಒಬ್ಬಳು ಹುಡುಗಿ ಇದ್ದಳು, ಇದ್ದಕ್ಕಿದ್ದಂತೆ ಎರಡೂ ಕಣ್ಣು ಮಂಜಾಗಿ ಬಂದವಳು. ಅವಳದ್ದೂ ಇದೇ ಜಾತಿ ಕಾಯಿಲೆ, ಮೈಯೇ ಕಣ್ಣಿನ ನರವನ್ನು ಕಚ್ಚಿದ್ದು. ಅವಳಿಗೆ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ನಮಗೂ ಅದನ್ನೇ ಹಾಕಿ, ಅದು ಅಗ್ಗ ಅಲ್ವಾ ಅಂತ ಭಾವ ಕೇಳಿದ. ಜಿಬಿಎಸ್‌ಗೆ ಸ್ಟೀರಾಯ್ಡ್ ಕೆಲಸ ಮಾಡುವುದಿಲ್ಲ, ಪರೀಕ್ಷೆ ಮಾಡಿ ನೋಡಿ ಬಿಟ್ಟಿದ್ದಾರೆ ಅಂದರು. ನಾಯಿ ಒಂದೇ, ಬಿಡಿಸುವ ಕೋಲು ಬೇರೆ ಬೇರೆ.

ಹನ್ನೊಂದನೇ ದಿನ ಟ್ಯೂಬ್ ತೆಗೆದರು. ಗಂಟಲು ಒಡೆದುಹೋಗಿತ್ತು. ಡಾಕ್ಟರಮ್ಮ "ಅಮ್ಮಾ, ಎಣಿಸಿ" ಅಂದರು. "ಲಾವ, ಎರಡು, ಮೂರು, ನಾಲ್ಕು, ಐದು." ಅಷ್ಟೇ. ಡಾಕ್ಟರಮ್ಮ ನನ್ನ ಕಡೆ ತಿರುಗಿ, ಲಾವ ಅಂದ್ರೆ ಯಾವ ಭಾಷೆ ಅಂತ ಕೇಳಿದರು.

ಊರಿಗೆ ಬಂದಿದ್ದು ಸೆಪ್ಟೆಂಬರ್ ಕೊನೆಗೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ, ದೀಪಾವಳಿ ಹೊತ್ತಿಗೆ ವಾಕರ್ ಹಿಡಿದು ಅಂಗಳ. ಹೊದಿಕೆ ಮತ್ತೆ ಬೆಳೆಯುತ್ತದೆ, ನಿಧಾನ ಅಂದಿದ್ದರು, ನಿಧಾನವೇ ಆಯಿತು. ಮರುವರ್ಷ ಜನವರಿಯಲ್ಲಿ ಪುಣೆಯಲ್ಲಿ ಒಂದೇ ಸಲ ಎಷ್ಟೋ ಜನರಿಗೆ ಜಿಬಿಎಸ್ ಬಂದ ಸುದ್ದಿ ಟಿವಿಯಲ್ಲಿ ಬಂತು, ನೀರಿನ ಮೇಲೆ ಅನುಮಾನ ಅಂದರು. ನಮಗೆ ಫೋನಿನ ಮೇಲೆ ಫೋನು, ನಾವೇನೋ ತಜ್ಞರ ಹಾಗೆ. ಆಯಿ ಎಲ್ಲರಿಗೂ ಒಂದೇ ಮಾತು ಹೇಳಿದಳು, ನೀರು ಕುದಿಸಿ ಕುಡೀರಿ ಅಂತ. ಆ ಕೆಂಪು ನೀರಿನ ಬಾವಿಗೆ ನಾವು ಕಟ್ಟೆ ಎತ್ತರ ಮಾಡಿಸಿದ್ದೂ ಆಗಲೇ.

ಪಾದದಲ್ಲಿ ಈಗಲೂ ಅಷ್ಟು ಸ್ಪರ್ಶ ಇಲ್ಲ. ಬಚ್ಚಲ ನೀರಿನ ಬಿಸಿ ಕೈಯಲ್ಲಿ ನೋಡಿಯೇ ಕಾಲಿಗೆ ಹಾಕುತ್ತಾಳೆ. ಮೆಟ್ಟುಗತ್ತಿಯ ಮೇಲೆ ಕೂರುವುದಿಲ್ಲ, ಕೂತರೆ ಏಳಲು ಯಾರಾದರೂ ಬೇಕು. ಕಾಯಿ ತುರಿಯುವ ಮೆಷಿನ್ ತಂದಿದ್ದೇವೆ, ಅದರ ತುರಿ ದಪ್ಪ ಅಂತ ದಿನಾ ಬೈಗುಳ.

ಮಾರ್ಚ್‌ನಲ್ಲಿ ಕಾಯಿ ಒಯ್ಯುವವನು ಬಂದಿದ್ದ. ಆಯಿ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಅವನು ಎಸೆಯುತ್ತಿದ್ದ, ಇವಳು ಜೋರಾಗಿ ಎಣಿಸುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತು ಅವಳ ಉಸಿರನ್ನೇ ನೋಡುತ್ತಿದ್ದೆ, ಎಲ್ಲಿ ತಗೊಳ್ಳುತ್ತಾಳೆ, ಎಷ್ಟರವರೆಗೆ ಬಿಡುತ್ತಾಳೆ ಅಂತ. ನನ್ನ ತುಟಿ ಅವಳ ಜೊತೆಗೇ ಆಡುತ್ತಿತ್ತಿರಬೇಕು. ಮೂವತ್ತೊಂದಕ್ಕೋ ಮೂವತ್ತೆರಡಕ್ಕೋ ತಿರುಗಿ ನೋಡಿದವಳು ಲೆಕ್ಕ ತಪ್ಪಿದಳು. "ಬೇರೆ ಕೆಲ್ಸ ಇಲ್ಯಾ ನಿಂಗೆ? ಹೋಗು, ಚಾ ಇಡು" ಅಂತ ಗದರಿದಳು. ಕಾಯಿಯವನು ಗೊಣಗುತ್ತಾ ರಾಶಿಯನ್ನು ಮತ್ತೆ ಈಚೆ ಹಾಕಿದ. ನಾನು ಒಳಗೆ ಹೋಗಿ ಒಲೆ ಹಚ್ಚುವಾಗ ಹೊರಗೆ ಮೊದಲಿಂದ ಶುರುವಾಗಿತ್ತು. ಲಾಭ, ಎರಡು, ಮೂರು.