ಕ್ಲಾಂಪ್ ಹಾಕುವ ಮೊದಲಿನ ಹೊತ್ತು

ಹುಟ್ಟಿನಿಂದಲೇ ಮಹಾಧಮನಿ, ಅಂದ್ರೆ ಅಯೋರ್ಟಾ, ಒಂದು ಕಡೆ ಕಿರಿದಾಗಿರುವ ಮಕ್ಕಳಿಗೆ ಆಪರೇಷನ್ ಮಾಡುವುದು ನನ್ನ ಕೆಲಸ. ನಾವು ಇದಕ್ಕೆ ಕೋಆರ್ಕ್ಟೇಶನ್ ಅಂತೀವಿ. ಇದನ್ನು ನನಗೆ ಸರಿಯಾಗಿ ಕಲಿಸಿದ್ದು ಒಂದು ಮಗು.

ತರಬೇತಿಯಲ್ಲಿ ಹಿರಿಯ ಸರ್ಜನ್ ಎಡ ಪಕ್ಕೆಯಿಂದ ಎದೆ ತೆರೆದ ಮೇಲೆ ಅಯೋರ್ಟಾವನ್ನು ಸುತ್ತಲಿನ ಅಂಗಾಂಶದಿಂದ ಬಿಡಿಸುತ್ತಲೇ ಇರುತ್ತಿದ್ದರು. ಕಮಾನು, ತಲೆಗೂ ಕೈಗೂ ಹೋಗುವ ರಕ್ತನಾಳಗಳು, ಕೆಳಗಿನ ಉದ್ದನೆಯ ಭಾಗ, ಎಲ್ಲವನ್ನೂ. ಧ್ವನಿಪೆಟ್ಟಿಗೆಯ ನರ ಅಲ್ಲೇ ಸುತ್ತಿಕೊಂಡಿರುತ್ತದೆ, ಹಾಗಾಗಿ ಅವಸರ ಮಾಡುವ ಹಾಗಿಲ್ಲ. ನನಗೋ ಯಾವಾಗ ಕತ್ತರಿಸಿ ಹೊಲಿಯುತ್ತೇವೆ ಅನ್ನೋ ಆತುರ.

ಮುಂದೆ ನಾನೇ ಮುಖ್ಯ ಸರ್ಜನ್ ಆಗಿ ನಿಂತಾಗ ಅಷ್ಟು ಬಿಡಿಸಲಿಲ್ಲ. ರಕ್ತ ತಡೆಯಲು ಅಯೋರ್ಟಾವನ್ನು ಹಿಡಿದಿಡುವ ಕ್ಲಾಂಪ್ ಹಾಕಿದೆ, ಕಿರಿದಾದ ತುಂಡನ್ನು ತೆಗೆದೆ. ಎರಡು ತುದಿಗಳು ಎಳೆಯದೆ ಸೇರುತ್ತಿರಲಿಲ್ಲ. ಕೆಳತುದಿಯಲ್ಲಿ ಇನ್ನೂ ಸ್ವಲ್ಪ ಡಕ್ಟಸ್ ಎಂಬ ಗರ್ಭಕಾಲದ ನಾಳದ ಅಂಗಾಂಶ ಉಳಿದಿತ್ತು. ಅದನ್ನೂ ಕತ್ತರಿಸಿದರೆ ಅಂತರ ಜಾಸ್ತಿಯಾಗುತ್ತದೆ ಅಂತ ಹಾಗೇ ಬಿಟ್ಟು ಹೊಲಿದೆ. ಕೆಲವು ತಿಂಗಳಿಗೆ ಆ ಮಗುವಿನ ತೊಡೆಸಂದಿಯ ನಾಡಿ ಮತ್ತೆ ಮಂದವಾಯಿತು. ಅದೇ ಜಾಗ ಮತ್ತೆ ಕಿರಿದಾಗಿತ್ತು, ಬಲೂನ್ ಹಾಕಿ ಹಿಗ್ಗಿಸಬೇಕಾಯಿತು. ಅಂದು ಆ ತಾಯಿಯ ಎದುರು ಕೂತು ಕಾರಣ ಹೇಳಿದ್ದು ಇಂದಿಗೂ ನೆನಪಿದೆ.

ಡಕ್ಟಸ್ ಅನ್ನುವುದು ಗರ್ಭದಲ್ಲಿ ಬೇಕಿದ್ದ, ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ನಾಳ. ಅದರ ಅಂಗಾಂಶ ಅಯೋರ್ಟಾದ ಗೋಡೆಯೊಳಗೂ ಹಬ್ಬಿರುತ್ತದೆ. ಉಳಿಸಿದರೆ ಅದು ಕುಗ್ಗುತ್ತದೆ. 1944ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕ್ಲಾರೆನ್ಸ್ ಕ್ರಾಫೂರ್ಡ್ ಮೊದಲ ಬಾರಿಗೆ ಮಾಡಿದ್ದು ತುದಿಗೆ ತುದಿ ನೇರವಾಗಿ ಸೇರಿಸುವ ವಿಧಾನ. ಎಳೆಗೂಸುಗಳಲ್ಲಿ ಹೀಗೆ ಸೇರಿಸಿದರೆ ಆ ದುಂಡನೆಯ ಹೊಲಿಗೆ ಮತ್ತೆ ಬಿಗಿಯಾಗುತ್ತಿತ್ತು. ತೇಪೆ ಹಾಕಿ ಅಗಲ ಮಾಡಿದರೆ ವರ್ಷಗಳ ನಂತರ ಎದುರಿನ ಗೋಡೆ ಉಬ್ಬುವ ಭಯ. 1966ರಲ್ಲಿ ಬಂದ ಇನ್ನೊಂದು ದಾರಿಯಲ್ಲಿ ಎಡಗೈಗೆ ಹೋಗುವ ನಾಳವನ್ನೇ ಮಡಚಿ ತೇಪೆಯಾಗಿಸುತ್ತಾರೆ. ಆದರೆ ಆ ಕೈ ತನ್ನ ಮುಖ್ಯ ರಕ್ತನಾಳವನ್ನೇ ಕಳೆದುಕೊಳ್ಳುತ್ತದೆ, ಅಲ್ವಾ?

ಹಾಗಾಗಿ ಈಗ ಎಳೆಗೂಸುಗಳಿಗೆ ನಾನು ಹೆಚ್ಚಾಗಿ ಮಾಡುವುದು ಬೇರೆ. ಕಿರಿದಾದ ಭಾಗವನ್ನೂ ಡಕ್ಟಸ್ ಅಂಗಾಂಶವನ್ನೂ ಪೂರ್ತಿ ತೆಗೆಯುತ್ತೇನೆ. ಕಮಾನಿನ ಅಡಿಭಾಗವನ್ನು ಉದ್ದಕ್ಕೆ ಸೀಳಿ, ಕೆಳತುದಿಯನ್ನು ಓರೆಯಾಗಿ ಕತ್ತರಿಸಿ, ಅಗಲವಾಗಿ ಸೇರಿಸುತ್ತೇನೆ. ಇದಕ್ಕೆ ಕೆಳಗಿನ ಅಯೋರ್ಟಾ ಬಹಳ ಮೇಲಕ್ಕೆ ಬರಬೇಕು.

ಕ್ಲಾಂಪ್ ಹಾಕಿದ ಮೇಲೆ ಇದನ್ನೆಲ್ಲ ಸರಿಮಾಡಲು ಸಮಯವಿಲ್ಲ. ಬೆನ್ನುಹುರಿಗೆ ರಕ್ತ ಕಡಿಮೆಯಾಗಿರುತ್ತದೆ. ಮಗುವಿನ ಮೈಯನ್ನು 34–35 ಡಿಗ್ರಿಗೆ ತಂಪಾಗಲು ಬಿಟ್ಟಿದ್ದರೂ ಒಂದೊಂದು ನಿಮಿಷ ತಡವಾದರೂ ಕಾಲುಗಳ ಚಿಂತೆ. ಕ್ಲಾಂಪ್ ಎಡಗೈಯ ನಾಳವನ್ನೂ ಹಿಡಿಯುವುದರಿಂದ ರಕ್ತದೊತ್ತಡ ನೋಡುವ ಲೈನ್ ಬಲಗೈಗೇ ಹಾಕಿಸುತ್ತೇವೆ.

ಈಗ ಕತ್ತರಿ ಮುಟ್ಟುವ ಮೊದಲು ಕೆಳಗಿನ ಅಯೋರ್ಟಾವನ್ನು ಮೆಲ್ಲಗೆ ಕಮಾನಿನ ಹತ್ತಿರಕ್ಕೆ ತಂದು ನೋಡುತ್ತೇನೆ. ಸುಮ್ನೆ ಬಂದರೆ ಸರಿ. ಎಳೆಯಬೇಕು ಅನ್ನಿಸಿದರೆ ಕ್ಲಾಂಪ್ ಕೇಳುವುದಿಲ್ಲ, ಇನ್ನಷ್ಟು ಬಿಡಿಸುತ್ತೇನೆ.